ಕಾಲಿನ ನಾಡಿ ಹಿಡಿದು ಕಲಿಸಿದ್ದು

ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ, ಆದರೆ ಶಸ್ತ್ರಚಿಕಿತ್ಸೆ ಮಾಡದ ರಕ್ತನಾಳ ವೈದ್ಯ ಎಂದರೆ ಯಾರೆಂದು ಕಾರವಾರದಲ್ಲಿ ಇಂದಿಗೂ ವಿವರಿಸಬೇಕಾಗುತ್ತದೆ. ಹೃದಯ ಮತ್ತು ಮೆದುಳಿಗೆ ಬೇರೆ ತಜ್ಞರಿದ್ದಾರೆ. ಉಳಿದ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ), ಅಭಿಧಮನಿ (ರಕ್ತ ಮರಳಿ ತರುವ ನಾಳ), ದುಗ್ಧರಸನಾಳಗಳ ಕಾಯಿಲೆಗಳು, ಅದರಲ್ಲೂ ಕಾಲಿನವು, ನನ್ನ ಪಾಲಿಗೆ ಬರುತ್ತವೆ. ಎಂಬಿಬಿಎಸ್, ಮೂರು ವರ್ಷದ ಜನರಲ್ ಮೆಡಿಸಿನ್ ಎಂಡಿ, ಸೀನಿಯರ್ ರೆಸಿಡೆನ್ಸಿ, ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ: ಇಲ್ಲಿಯವರೆಗಿನ ದಾರಿ ಎಲ್ಲರದ್ದೇ.

ನನ್ನನ್ನು ಕಾಲಿನ ಕಡೆ ತಿರುಗಿಸಿದ್ದು ಈ ಜಿಲ್ಲೆ. ಬೀಡಿ ಸೇದುವ ಯುವಕನ ಕಪ್ಪಾದ ಬೆರಳು, ಕರಾವಳಿಯ ಹಳೆಯ ಆನೆಕಾಲು, ದಿನವಿಡೀ ಒಲೆಯ ಮುಂದೆ ನಿಲ್ಲುವ ಶಿರಸಿಯ ಅಡುಗೆ ಭಟ್ಟರ ವೇರಿಕೋಸ್ (ಉಬ್ಬಿದ ಅಭಿಧಮನಿಯ) ಹುಣ್ಣು ಒಂದೇ ವಾರ್ಡಿನಲ್ಲಿ ಇರುತ್ತಿದ್ದವು. ಮೂವರೂ ‘ಕಾಲು ನೋವು’ ಎಂದೇ ಬಂದವರು, ಮೂವರಿಗೂ ಊರಿನಲ್ಲಿ ಸಿಕ್ಕಿದ್ದು ಅದೇ ನೋವಿನ ಮಾತ್ರೆ, ಅದೇ ಬಿಗಿ ಪಟ್ಟಿ. ರಕ್ತ ಕೆಳಗಿಳಿಯದ ಕಾಲಿಗೆ ಬಿಗಿ ಪಟ್ಟಿ ಕಟ್ಟಿದರೆ ಕಾಲೇ ಹೋಗಬಹುದು. ಹಾಗಾಗಿ ಪಟ್ಟಿ ಕಟ್ಟುವ ಮುನ್ನ ಅಳೆಯಲು ಕಲಿಸುವುದರಿಂದಲೇ ನನ್ನ ವೃತ್ತಿ ಶುರುವಾಯಿತು ಎನ್ನಬಹುದು.

ಅಳತೆಗೆ ದೊಡ್ಡ ಯಂತ್ರ ಬೇಡ. ರೋಗಿಯನ್ನು ಐದರಿಂದ ಹತ್ತು ನಿಮಿಷ ಅಂಗಾತ ಮಲಗಿಸಿ, ಕೈಯಲ್ಲಿ ಹಿಡಿದು ರಕ್ತ ಹರಿವಿನ ಸದ್ದು ಕೇಳುವ ಡಾಪ್ಲರ್‌ನಿಂದ ಎರಡೂ ತೋಳುಗಳ ಮತ್ತು ಪ್ರತಿ ಕಾಲಿನ ಹರಡಿನ ಬಳಿ ಎರಡೂ ಅಪಧಮನಿಗಳ ಸಂಕೋಚನ ಒತ್ತಡ (ರಕ್ತದೊತ್ತಡದ ಮೇಲಿನ ಅಂಕಿ) ನೋಡಿ, ಆ ಕಾಲಿನ ಹೆಚ್ಚಿನ ಅಂಕಿಯನ್ನು ತೋಳುಗಳ ಹೆಚ್ಚಿನ ಅಂಕಿಯಿಂದ ಭಾಗಿಸಬೇಕು. ಉತ್ತರ 1.0ರಿಂದ 1.4ರ ನಡುವೆ ಇದ್ದರೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಧಮನಿ ಕಿರಿದಾಗಿದೆ, 0.5ಕ್ಕಿಂತ ಕಡಿಮೆ ಇದ್ದರೆ ಬಿಗಿ ಪಟ್ಟಿ ಕಟ್ಟಲೇಬಾರದು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆಯೇ ಸುಣ್ಣಗಟ್ಟಿ, ರಕ್ತದೊತ್ತಡ ಅಳೆಯುವ ಪಟ್ಟಿಯ ಒತ್ತಡಕ್ಕೆ ಮಣಿಯದೆ, ಅಂಕಿ 1.4ನ್ನೂ ದಾಟಬಹುದು, ಅಂಥಲ್ಲಿ ಕಾಲಿನ ಹೆಬ್ಬೆರಳಿನ ಒತ್ತಡ ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ. ವಿದ್ಯಾರ್ಥಿಗಳಿಗೆ ಡಾಪ್ಲರ್ ಕೊಡುವ ಮೊದಲು ನಾನು ಬೆರಳಿನಿಂದಲೇ ಪಾದದ ನಾಡಿ ಹುಡುಕಿಸುತ್ತೇನೆ, ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲಿಯೂ ಸಿಗುವುದಿಲ್ಲವೆಂದು ತಿಳಿದೇ. ಹುಡುಕಿ ಸಿಗದ ಅನುಭವವೂ ಕಲಿಕೆಯೇ.

ರೋಗಿಯ ಮಾತನ್ನು ಕೇಳಿಸಿಕೊಳ್ಳುವುದಕ್ಕೆ ಈ ಊರಿನ ನೆಲ ಗೊತ್ತಿರಬೇಕು. ಸಪಾಟಾದ ಕಡಲ ದಂಡೆಯಲ್ಲಿ ನಡೆಯುವವರಿಗೆ ತಡವಾಗಿ ಹಿಡಿಯುವ, ಕಿರಿದಾದ ಅಪಧಮನಿಯಿಂದಾಗುವ ಮೀನಖಂಡದ ನೋವು, ಅಡಿಕೆ ತೋಟದಿಂದ ಮನೆಗೆ ಏರು ಹತ್ತುವವರಿಗೆ ಬೇಗ ಹಿಡಿಯುತ್ತದೆ. ‘ಎಷ್ಟು ದೂರ ನಡೆಯುತ್ತೀರಿ’ ಎಂದಷ್ಟೇ ಕೇಳಿದರೆ ಉತ್ತರ ದಾರಿ ತಪ್ಪಿಸುತ್ತದೆ. ಚಿಕಿತ್ಸೆಯೂ ನಡಿಗೆಯೇ: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ವಾರಕ್ಕೆ ಮೂರು ದಿನವಾದರೂ ಮೂರು ತಿಂಗಳು ಮಾಡಬೇಕು, ಜೊತೆಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ಹೆಪ್ಪು ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್. ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ, ಕೈಕಾಲಿನ ನಾಳಗಳು ಮುಚ್ಚಿಹೋಗುವ, ತಂಬಾಕಿಗೆ ಅಂಟಿಕೊಂಡ ಕಾಯಿಲೆಯಲ್ಲಿ ಮಾತ್ರ ತಂಬಾಕು ಪೂರ್ತಿ ಬಿಡದೆ ಯಾವ ಔಷಧವನ್ನೂ ನಂಬುವಂತಿಲ್ಲ. ಬೀಡಿ ಬಿಟ್ಟೆನೆಂದು ಹೇಳಿ ಕವಳಕ್ಕೆ (ಎಲೆ ಅಡಿಕೆಗೆ) ತಂಬಾಕು ಸೇರಿಸುವವರಿಗೆ ಇದನ್ನು ಒಪ್ಪಿಸುವುದೇ ಕಠಿಣ. ಆನೆಕಾಲಿನವರಿಗೆ ನಾನು ಬರೆಯುವ ಚೀಟಿಯಲ್ಲಿ ಔಷಧಕ್ಕಿಂತ ಸೋಪು ನೀರಿನಲ್ಲಿ ದಿನವೂ ತೊಳೆದು, ಬೆರಳ ಸಂದಿಯನ್ನು ಒಣಗಿಸುವ ವಿಧಾನವೇ ಹೆಚ್ಚು ಜಾಗ ಹಿಡಿಯುತ್ತದೆ.

ಹೃದಯದಿಂದ ಹೆಪ್ಪು ಸಿಡಿದು ಕಾಲಿನ ನಾಳ ಥಟ್ಟನೆ ಮುಚ್ಚಿದಾಗ ಕೈಯಲ್ಲಿರುವುದು ಹೆಚ್ಚೆಂದರೆ ಆರು ಗಂಟೆ. ಕಾರವಾರದಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಸುಮಾರು 160 ಕಿಲೋಮೀಟರ್. ಆದ್ದರಿಂದ ಕಾಲು ತಣ್ಣಗಾಗಿ, ಬಿಳುಚಿ, ನಾಡಿ ಇಲ್ಲದಿದ್ದರೆ, ರಕ್ತಸ್ರಾವದ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು ಮೊದಲು ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಟ್ಟು, ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ, ಸ್ಕ್ಯಾನಿಗೆ ಕಾಯದೆ ಆಂಬುಲೆನ್ಸ್ ಹತ್ತಿಸಬೇಕೆಂದು ಕಿರಿಯರಿಗೆ ರೂಢಿ ಮಾಡಿಸಿದ್ದೇನೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು ಬಳಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದ ಮೇಲೆ, ಮಳೆಗಾಲದಲ್ಲಿ ಯಾವ ದಿಕ್ಕಿಗೆ ಕಳಿಸಬೇಕೆಂಬುದನ್ನೂ ಮೊದಲೇ ಯೋಚಿಸಿಡುವುದು ಅಗತ್ಯವೆನಿಸಿತು. ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ನುಂಗುವವರಲ್ಲಿ ಸಾಮಾನ್ಯವಾಗಿ, ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂದು ಹೇಳುವ ಐಎನ್‌ಆರ್ 2ರಿಂದ 3ರೊಳಗೆ ಇರಬೇಕು, ಆದರೆ ಅದರ ಪರೀಕ್ಷೆಗೆಂದೇ ದೂರದ ಹಳ್ಳಿಯಿಂದ ಬರುವುದು ಮಳೆಯಲ್ಲಿ ಆಗದ ಮಾತು. ಕೃತಕ ಕವಾಟ ಇಲ್ಲದವರಿಗೆ, ಮೂತ್ರಪಿಂಡ ಚೆನ್ನಾಗಿದ್ದರೆ, ನಾನು ಈ ಪರೀಕ್ಷೆ ಬೇಡದ ಹೊಸ ಮಾತ್ರೆಗಳತ್ತ ವಾಲಿದ್ದಕ್ಕೆ ಇದೂ ಒಂದು ಕಾರಣ.

ಬಡ್ತಿಗೆ ಪ್ರಬಂಧ ಬೇಕೇ ಬೇಕು. ದೊಡ್ಡ ಪ್ರಯೋಗಾಲಯದ ಸಂಶೋಧನೆ ಇಲ್ಲಿ ಸಾಧ್ಯವಿರಲಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಸಕ್ಕರೆ ಕಾಯಿಲೆಯ ವಿಭಾಗಕ್ಕೆ ಬರುವ ಐವತ್ತು ದಾಟಿದವರ ಕಾಲಿನ ಅಂಕಿಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆಯತೊಡಗಿದೆ. ನಿಯತಕಾಲಿಕೆಗಳ ಪರಿಶೀಲಕರು ಕೇಳಿದ ಪ್ರಶ್ನೆ ಯಂತ್ರದ ಬಗ್ಗೆ ಅಲ್ಲ, ಒಂದೇ ಕಾಲನ್ನು ಇಬ್ಬರು ಅಳೆದರೆ ಒಂದೇ ಅಂಕಿ ಬರುತ್ತದೆಯೇ ಎಂಬುದು. ಆ ಪ್ರಶ್ನೆಯೇ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಪ್ರೌಢಪ್ರಬಂಧದ ವಿಷಯವಾಯಿತು, ಪ್ರೊಫೆಸರ್ ಗಿರಿಯ ಬಿರುದಿಗಿಂತ ನನಗೆ ಅದೇ ಹೆಚ್ಚು ಖುಷಿ ಕೊಟ್ಟಿತು. ಈಗ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸ್‌ಗಳಿಗೆ ಇದೇ ಅಳತೆಯನ್ನು ಕಲಿಸುತ್ತಿದ್ದೇನೆ. ಅವರಲ್ಲಿ ಕೆಲವರ ಅಂಕಿ ನನ್ನ ಇಂಟರ್ನ್‌ಗಳ ಅಂಕಿಗಿಂತ ಹೆಚ್ಚು ನಂಬುವಂತಿರುತ್ತದೆ. ಕಾಲಿನ ಹೆಬ್ಬೆರಳಿಗೆ ಸುತ್ತಿ ಒತ್ತಡ ಅಳೆಯುವ ಸಣ್ಣ ಪಟ್ಟಿಗಳು ಮಾತ್ರ ಅಲ್ಲಿಗೆ ಇನ್ನೂ ತಲುಪಬೇಕಿದೆ.