ಮುಟ್ಟು ನಿಂತ ಮೇಲೆ ಎಣ್ಣೆ, ಕಾಯಿ, ಉಪ್ಪಿನ ಲೆಕ್ಕ

ಕೊಲೆಸ್ಟ್ರಾಲ್ ಜಾಸ್ತಿ ಎಂದು ರಿಪೋರ್ಟ್ ಬಂದ ವಾರ ಮುಂಬಯಿಯ ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ: ಎಣ್ಣೆಯ ಬ್ರ್ಯಾಂಡ್ ಬದಲಾಗುತ್ತದೆ, ಓಟ್ಸ್ ಪ್ಯಾಕೆಟ್ ಬರುತ್ತದೆ. ಕ್ಯಾನಿನಿಂದ ನೇರ ಬಾಣಲೆಗೆ ಎಣ್ಣೆ ಸುರಿಯುವುದು, ಗಸಿಗೆ (ಕಾಯಿ ಅರೆದು ಮಾಡುವ ಗಟ್ಟಿ ಸಾರಿಗೆ) ಅರ್ಧ ಕಾಯಿ ತುರಿಯುವುದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಅಮ್ಮ ಬಳಿದು ಮುಗಿಸುವುದು ಮಾತ್ರ ಹಾಗೆಯೇ ಇರುತ್ತದೆ. ಮೂರು ತಿಂಗಳಾದರೂ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯುವುದಿಲ್ಲ.

ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಋತುಬಂಧವಾಯಿತು ಎನ್ನುತ್ತಾರೆ. ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಯಕೃತ್ತು ಹೀರಿ ತೆಗೆಯಲು ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ನೆರವಾಗುತ್ತಿರುತ್ತದೆ. ಆ ಹಾರ್ಮೋನು ಇಳಿದಾಗ ಎಲ್‌ಡಿಎಲ್ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಸೊಂಟ-ತೊಡೆಯಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ, ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತದೆ. ನಲವತ್ತರಲ್ಲಿ ಉಂಡದ್ದನ್ನೇ ಐವತ್ತೆರಡರಲ್ಲಿ ಉಂಡರೂ ರಿಪೋರ್ಟ್ ಬೇರೆ ಬರುವುದು ಇದರಿಂದ.

ಹಂತ 1: ಮೊದಲು ಅಳೆಯಿರಿ

ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಟಿಎಸ್‌ಎಚ್ (ಥೈರಾಯಿಡ್), ಬಿಪಿ. ಥೈರಾಯಿಡ್ ಕಡಿಮೆಯಾದರೂ ಎಲ್‌ಡಿಎಲ್ ಏರುವುದರಿಂದ ಟಿಎಸ್‌ಎಚ್ ಬಿಡಬೇಡಿ. ಸೊಂಟದ ಸುತ್ತಳತೆಯನ್ನು ಟೇಪಿನಲ್ಲಿ ನೋಡಿ. ಭಾರತೀಯ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ಬಸುರಿನಲ್ಲಿ ಬಿಪಿ ಅಥವಾ ಸಕ್ಕರೆ ಏರಿದ್ದರೆ, 45ಕ್ಕೆ ಮೊದಲೇ ಮುಟ್ಟು ನಿಂತಿದ್ದರೆ, ಅಂಡಾಶಯ ತೆಗೆಸಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಇಪ್ಪತ್ತೈದು ವರ್ಷ ಹಳೆಯ ಬಾಣಂತನದ ಮಾತು ಈಗೇಕೆ ಎಂದು ಬಹಳ ಮಂದಿ ಸುಮ್ಮನಿರುತ್ತಾರೆ. ಹೃದಯದ ಅಪಾಯ ಲೆಕ್ಕ ಹಾಕಲು ಆ ಮಾಹಿತಿ ಬೇಕೇ ಬೇಕು.

ಹಂತ 2: ಎಣ್ಣೆಗೆ ವಾರದ ಬಾಟಲಿ

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ತಲೆಗೆ ದಿನಕ್ಕೆ 4 ಟೀ ಚಮಚ, ಅಂದರೆ 20 ಮಿ.ಲೀ. ನಾಲ್ಕು ಜನರ ಮನೆಗೆ ವಾರಕ್ಕೆ 560 ಮಿ.ಲೀ. ಭಾನುವಾರ ಇಷ್ಟನ್ನು ಅಳೆದು ಒಂದು ಬಾಟಲಿಗೆ ತುಂಬಿ, ದೊಡ್ಡ ಕ್ಯಾನನ್ನು ಒಳಗಿಡಿ. ಶುಕ್ರವಾರವೇ ಬಾಟಲಿ ಖಾಲಿಯಾದರೆ ಎಣ್ಣೆ ಎಲ್ಲಿ ಹೋಯಿತು ಎಂಬುದು ಮನೆಯವರಿಗೆಲ್ಲ ಗೊತ್ತಾಗುತ್ತದೆ. ಕರಿದ ದಿನ ಬಾಣಲೆಯಲ್ಲಿ ಉಳಿದ ಎಣ್ಣೆಯೂ ಇದೇ ಲೆಕ್ಕಕ್ಕೆ ಸೇರಬೇಕು. ಅದನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಚಮಚದಲ್ಲಿ ಅಳೆದು ಹಾಕಿದರೆ ಸಾಸಿವೆ ಸೀದುಹೋಗುತ್ತದೆ ಎನ್ನುವವರಿದ್ದಾರೆ. ತಪ್ಪು ಪಾತ್ರೆಯದು. ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ತೆಳ್ಳಗೆ ಹರಡಿ, ಸಾಸಿವೆ ಎಣ್ಣೆಯೊಳಗೆ ಮುಳುಗದೆ ಬರಿಯ ಲೋಹದ ಮೇಲೆ ಕೂತು ಕರಕಲಾಗುತ್ತದೆ. ಆಗ ಕೈ ತಾನಾಗಿ ಮತ್ತಷ್ಟು ಎಣ್ಣೆ ಸುರಿಯುತ್ತದೆ. ಒಗ್ಗರಣೆ ಸೌಟು ತೆಗೆದುಕೊಂಡು ತುಸು ಓರೆಯಾಗಿ ಹಿಡಿಯಿರಿ. ಎಣ್ಣೆ ಒಂದು ಬದಿಗೆ ನಿಲ್ಲುತ್ತದೆ, ನಾಲ್ಕು ಜನರ ಸಾರಿಗೆ 2 ಟೀ ಚಮಚ ಧಾರಾಳ. ಪಲ್ಯಕ್ಕಾದರೆ ಸಾಸಿವೆ ಚಟಗುಟ್ಟಿದೊಡನೆ ತರಕಾರಿ ಹಾಕಿ, ಎರಡು ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಳವಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಈರುಳ್ಳಿ ತಳ ಹಿಡಿದರೂ ನೀರೇ ಚಿಮುಕಿಸಬೇಕು.

ಯಾವ ಎಣ್ಣೆ? ಶೇಂಗಾ, ಅಕ್ಕಿ ತೌಡು, ಕುಸುಬೆ, ಸಾಸಿವೆ ಇವುಗಳಲ್ಲಿ ಎರಡನ್ನು ಸರದಿಯಲ್ಲಿ ಬಳಸಿ. ಪಾಮ್ ಎಣ್ಣೆ, ವನಸ್ಪತಿ ಬೇಡ. ಲೇಬಲ್ಲಿನ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಎಂದು ದೊಡ್ಡಕ್ಷರದಲ್ಲಿದ್ದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಲೆಕ್ಕಕ್ಕೆ ಹಿಡಿಯುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ.

ಹಂತ 3: ಕಾಯಿ, ತುಪ್ಪ, ಹಾಲು ಒಟ್ಟಿಗೆ ಲೆಕ್ಕಕ್ಕೆ

ದಿನಕ್ಕೆ 1600 ಕ್ಯಾಲೊರಿ ಉಣ್ಣುವ ಹೆಂಗಸಿಗೆ ಸ್ಯಾಚುರೇಟೆಡ್ ಕೊಬ್ಬು (ಎಲ್‌ಡಿಎಲ್ ಏರಿಸುವ ಕೊಬ್ಬು) ಹೆಚ್ಚೆಂದರೆ 17 ಗ್ರಾಂ, ಎಲ್‌ಡಿಎಲ್ ಏರಿದ್ದರೆ 12 ಗ್ರಾಂ. ಈಗ ನೋಡಿ: ಒಬ್ಬರ ಪಾಲಿಗೆ ಕಾಲು ಕಪ್ ಕಾಯಿತುರಿಯಲ್ಲಿ ಸುಮಾರು 6 ಗ್ರಾಂ, ಒಂದು ಟೀ ಚಮಚ ತುಪ್ಪದಲ್ಲಿ 3 ಗ್ರಾಂ, ತಬೇಲಾದ ಎಮ್ಮೆ ಹಾಲಿನಲ್ಲಿ ಕಾಸಿದ ಎರಡು ಗಟ್ಟಿ ಚಹಾಕ್ಕೆ 200 ಮಿ.ಲೀ. ಹಿಡಿದರೆ ಇನ್ನೊಂದು 8 ಗ್ರಾಂ. ಅಡುಗೆ ಎಣ್ಣೆಯನ್ನು ಸೇರಿಸುವ ಮೊದಲೇ 17 ತುಂಬಿತು.

ಎಲ್ಲಕ್ಕಿಂತ ಸುಲಭವಾಗಿ ಬಿಡಬಹುದಾದದ್ದು ಹಾಲಿನ ಕೊಬ್ಬು. ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6, ಟೋನ್ಡ್‌ನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. ಚಹಾಕ್ಕೂ ಮೊಸರಿಗೂ ಡಬಲ್ ಟೋನ್ಡ್ ತನ್ನಿ, ಒಂದು ವಾರದಲ್ಲಿ ನಾಲಿಗೆಗೆ ಒಗ್ಗುತ್ತದೆ. ತುಪ್ಪ ಬೇಕೇ ಬೇಕೆನ್ನುವವರು ಬಿಸಿ ಅನ್ನದ ಮೇಲೆ ಒಂದು ಟೀ ಚಮಚ ಹಾಕಿಕೊಳ್ಳಿ, ಅಡುಗೆಯೊಳಗೆ ಬೇಡ.

ಕಾಯಿಯನ್ನು ಪೂರ್ತಿ ಬಿಡಿ ಎಂದರೆ ಮಂಗಳೂರು ಕಡೆಯ ಮನೆಯಲ್ಲಿ ಯಾರೂ ಎರಡು ದಿನ ಪಾಲಿಸುವುದಿಲ್ಲ, ಪಾಲಿಸಬೇಕಾದ್ದೂ ಇಲ್ಲ. ನಾಲ್ಕು ಜನರ ಅಲಸಂದೆ ಗಸಿಗೆ ಅರ್ಧ ಕಪ್ ತುರಿ ಸಾಕು. ತುರಿಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯಿರಿ; ಪರಿಮಳ ಏಳುವುದರಿಂದ ಕಡಿಮೆ ಕಾಯಿಯೂ ನಾಲಿಗೆಗೆ ಗೊತ್ತಾಗುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ ಕೂಡ ಒಣ ಹುರಿತವೇ. ಮಸಾಲೆ ಅರೆಯುವಾಗ ಬೆಂದ ಅಲಸಂದೆ ಒಂದು ಸೌಟು, ಸುಟ್ಟ ಈರುಳ್ಳಿ ಒಂದು ಸೇರಿಸಿ. ಇದನ್ನು ಬಿಟ್ಟರೆ ಗಸಿ ನೀರಾಗಿ ಅನ್ನದ ಮೇಲೆ ನಿಲ್ಲುವುದಿಲ್ಲ, ಮರುದಿನವೇ ಮನೆಯವರು ಹಳೆಯ ಅಳತೆಗೆ ಮರಳುತ್ತಾರೆ.

ಹಂತ 4: ಉಪ್ಪು

ತಲೆಗೆ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದ ಮಟ್ಟ. ನಾಲ್ಕು ಜನರ ಮನೆಗೆ ಒಂದು ಕಿಲೊ ಪೊಟ್ಟಣ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಫರ್ಸಾಣ್, ಮಸಾಲಾ ಓಟ್ಸ್ ಪೊಟ್ಟಣದ ಉಪ್ಪು ಇದರ ಮೇಲೆ ಬರುತ್ತದೆ; ಹಾಗಾಗಿ ಪೊಟ್ಟಣ ಇನ್ನೂ ನಿಧಾನ ಖಾಲಿಯಾಗಲಿ. ಹಪ್ಪಳ ಸುಟ್ಟರೆ ಎಣ್ಣೆ ಉಳಿತಾಯವಾಗುತ್ತದೆ, ಉಪ್ಪು ಅಷ್ಟೇ ಇರುತ್ತದೆ. ಸೋಡಿಯಂ ಕಡಿಮೆಯ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುವುದರಿಂದ ಕಿಡ್ನಿ ತೊಂದರೆ ಇರುವವರು, ಬಿಪಿಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಹಂತ 5: ಏನು ಸೇರಿಸಬೇಕು

ದಿನಕ್ಕೆ ಎರಡು ವಾಟಿ ಬೆಂದ ಕಾಳು ಅಥವಾ ಬೇಳೆ: ಹೆಸರು, ಹುರುಳಿ, ಅಲಸಂದೆ, ಕಡಲೆ. ಇವುಗಳ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಹಾಕುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸುತ್ತದೆ. ಜೊತೆಗೆ ಪ್ರೋಟೀನೂ ಸಿಗುತ್ತದೆ. ಈ ವಯಸ್ಸಿನಲ್ಲಿ ಸ್ನಾಯು ಕರಗುವುದರಿಂದ ಅದೂ ಬೇಕು. ಓಟ್ಸ್ ತರುವುದಾದರೆ ಮಸಾಲೆ ಇಲ್ಲದ್ದು. ಜೋಳದ ರೊಟ್ಟಿ ಮಾಡುವ ಮನೆಯವರಿಗೆ ಅದನ್ನು ಬಿಟ್ಟು ಓಟ್ಸಿಗೆ ಹೋಗುವ ಅಗತ್ಯವೇ ಇಲ್ಲ. "ಡೈಜೆಸ್ಟಿವ್" ಬಿಸ್ಕತ್ತಿನ ಹಿಂಬದಿ ಓದಿ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಅಲ್ಲೇ ಬರೆದಿರುತ್ತದೆ.

ವಾರಕ್ಕೆರಡು ಸಲ ಬಂಗುಡೆ ಅಥವಾ ಬೂತಾಯಿ ಮೀನು, ಪುಳಿಮುಂಚಿ (ಹುಳಿ-ಖಾರದ ಸಾರು) ಮಾಡಿ. ರವೆ ಹಚ್ಚಿ ಕರಿದರೆ ರವೆ ಎಣ್ಣೆ ಕುಡಿಯುತ್ತದೆ. ಮೀನು ತಿನ್ನದವರಿಗೆ ದಿನಕ್ಕೊಂದು ದೊಡ್ಡ ಚಮಚ ಅಗಸೆ ಚಟ್ನಿಪುಡಿ. ಅಗಸೆಯನ್ನು ಇಡಿಯಾಗಿ ನುಂಗಿದರೆ ಜೀರ್ಣವಾಗದೆ ಹೊರಹೋಗುತ್ತದೆ; ವಾರಕ್ಕಾಗುವಷ್ಟೇ ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ, ಇಲ್ಲವಾದರೆ ಕಮಟು ವಾಸನೆ ಬರುತ್ತದೆ.

ಉಪವಾಸದ ದಿನದ ಸಾಬೂದಾಣಾ ಖಿಚಡಿಯಲ್ಲಿ ಹೆಚ್ಚಿನದು ಪಿಷ್ಟ, ತುಪ್ಪ. ಅದರ ಬದಲು ವರಿ ಅಕ್ಕಿಯ ಉಪ್ಪಿಟ್ಟು, ಮಜ್ಜಿಗೆ, ಹಣ್ಣು ಒಳ್ಳೆಯದು.

ಹಂತ 6: ಅಮ್ಮನ ತಟ್ಟೆ ಮೊದಲು ಬಡಿಸಿ

ಕೊನೆಗೆ ಉಣ್ಣುವವರಿಗೆ ಸಿಗುವುದು ಅನ್ನ ಮತ್ತು ಬಾಣಲೆಯ ತಳದ ಎಣ್ಣೆ. ಕಾಳು, ತರಕಾರಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಅಡುಗೆ ಇಳಿಸಿದೊಡನೆ ಅಮ್ಮನ ಪಾಲಿನ ಎರಡು ವಾಟಿ ಕಾಳು, ಪಲ್ಯ ತೆಗೆದಿಡಬೇಕು. ಉಳಿದದ್ದು ಫ್ರಿಜ್ಜಿಗೆ ಹೋಗಲಿ. ಈ ಕೆಲಸ ಗಂಡ, ಮಕ್ಕಳು, ಸೊಸೆ ಮಾಡಬೇಕಾದದ್ದು. ಅಮ್ಮನಿಗೇ ಬಿಟ್ಟರೆ ಆಗುವುದಿಲ್ಲ.

ಒಂದು ವಿಷಯ ಎಲ್ಲ ಹಂತಗಳಿಗೂ ಹೊರಗಿನದು. ಹೆಂಗಸರ ಹೃದಯಾಘಾತದಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಕಟ್ಟುವುದು, ದವಡೆ-ಬೆನ್ನಿನ ನೋವು, ವಾಕರಿಕೆ, ತಣ್ಣನೆ ಬೆವರು, ಹಿಂದೆಂದೂ ಇಲ್ಲದ ಸುಸ್ತು ಕಾಣಿಸಬಹುದು. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ, ಕೂಡಲೇ ಇಸಿಜಿ ಆಗಬೇಕು.

ಹಂತ 7: ಹನ್ನೆರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ

ಅದೇ ಲ್ಯಾಬಿನಲ್ಲಿ ಮಾಡಿಸಿ. ಊಟ ಸರಿಹೋದರೂ ಎಲ್‌ಡಿಎಲ್ ವೈದ್ಯರು ಹೇಳಿದ ಮಟ್ಟಕ್ಕೆ ಬಾರದಿದ್ದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆ ಬೇಕಾಗಬಹುದು, ಅದು ನಿಮ್ಮ ಸೋಲಲ್ಲ. ಈಗಾಗಲೇ ಗುಳಿಗೆ ನುಂಗುತ್ತಿದ್ದು ಅಂಕಿ ಇಳಿದಿದ್ದರೆ ಆ ಇಳಿಕೆಯಲ್ಲಿ ಗುಳಿಗೆಯ ಪಾಲೂ ಇದೆ. ನೀವಾಗಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಡೋಸ್ ಇಳಿಸುವುದೋ ಬೇಡವೋ ಎಂಬುದನ್ನು ವೈದ್ಯರು ಹೊಸ ರಿಪೋರ್ಟ್ ನೋಡಿ ಹೇಳಲಿ.