ಫಿಟ್ಸ್‌ಗೆ ಫ್ಲುನಾರಿಜಿನ್ ಸೇರಿಸಿ ಪರೀಕ್ಷಿಸಿದ ನನ್ನ ಅನುಭವ

ಎರಡು ಔಷಧಿಗಳನ್ನು ತಪ್ಪದೆ ನುಂಗಿಯೂ ಫಿಟ್ಸ್ ಹತೋಟಿಗೆ ಬಾರದವರಿಗೆ ಕ್ಯಾಲ್ಸಿಯಂ ಚಾನೆಲ್ ತಡೆಯುವ ಔಷಧಿಯೊಂದನ್ನು ಜೊತೆಗೂಡಿಸಿ ನೋಡುವ ಅಧ್ಯಯನವನ್ನು ಬೆಂಗಳೂರಿನ ನಮ್ಮ ನರರೋಗ ವಿಭಾಗದಲ್ಲಿ ನಡೆಸಿದೆವು. ಸೆಳವಿನ ವೇಳೆ ನರಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದರಿಂದ, ಆ ದಾರಿಯನ್ನು ಕಟ್ಟಿದರೆ ಸೆಳವು ತಗ್ಗಬಹುದೆಂಬುದು ಇದರ ಹಿಂದಿನ ತರ್ಕ.

ಈ ಬಗೆಯದೇ ಆದ ವೆರಪಮಿಲ್ ಬೇಡವೆಂದು ನಾನು ಪಟ್ಟು ಹಿಡಿದೆ. ಅದು ಯಕೃತ್ತಿನಲ್ಲಿ ಫಿಟ್ಸ್ ಔಷಧಿಯಾದ ಕಾರ್ಬಮಜೆಪಿನ್‌ನ ವಿಘಟನೆಯನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಆಗ ಫಿಟ್ಸ್ ಕಡಿಮೆಯಾದದ್ದು ಹೊಸ ಔಷಧಿಯಿಂದಲೋ ಹೆಚ್ಚಾದ ಹಳೆಯದರಿಂದಲೋ ತಿಳಿಯುವುದಿಲ್ಲ, ರೋಗಿಗೆ ಮಾತ್ರ ತಲೆಸುತ್ತು ಬಂದು ಒಂದು ವಸ್ತು ಎರಡಾಗಿ ಕಾಣತೊಡಗುತ್ತದೆ. ಮೈಗ್ರೇನ್ ತಡೆಗೆ ನಾವು ಬರೆದು ರೂಢಿಯಿದ್ದ ಫ್ಲುನಾರಿಜಿನ್ ಅನ್ನು ಆಯ್ದುಕೊಂಡರೂ ಹಳೆಯ ಔಷಧಿಗಳ ಮಟ್ಟವನ್ನು ಅಳೆಯುವುದನ್ನು ಬಿಡಲಿಲ್ಲ: ಬೆಳಗಿನ ಮಾತ್ರೆ ನುಂಗುವ ಮೊದಲೇ ಬಂದು ರಕ್ತ ಕೊಡಬೇಕೆಂದು ಪ್ರತಿಯೊಬ್ಬರಿಗೂ ಹೇಳಿದ್ದೆವು.

ಫ್ಲುನಾರಿಜಿನ್‌ನ ಅರ್ಧಾಯು, ಅಂದರೆ ದೇಹದಲ್ಲಿರುವುದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 18 ದಿನ. ಹಾಗಾಗಿ ಒಬ್ಬರಿಗೇ ಮೊದಲು ಔಷಧಿ, ಆಮೇಲೆ ಪ್ಲಸೀಬೊ (ಔಷಧಿಯಿಲ್ಲದ ಹುಸಿ ಮಾತ್ರೆ) ಕೊಟ್ಟು ಹೋಲಿಸುವ ವಿಧಾನ ಇಲ್ಲಿ ಸಲ್ಲದು. ಎರಡು ಪ್ರತ್ಯೇಕ ಗುಂಪುಗಳೇ ಬೇಕು. ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ಫಿಟ್ಸ್ ಔಷಧಿ ಸೇವಿಸುವವರಲ್ಲಿ ಫ್ಲುನಾರಿಜಿನ್‌ನ ಮಟ್ಟ ತಗ್ಗುವುದರಿಂದ, ಅಂಥವರು ಎರಡೂ ಗುಂಪುಗಳಲ್ಲಿ ಸಮನಾಗಿರುವಂತೆ ಹಂಚಿದೆವು. ಫ್ಲುನಾರಿಜಿನ್ ಖಿನ್ನತೆ ತರಬಹುದಾದ್ದರಿಂದ, ಅದರ ಇತಿಹಾಸವಿದ್ದವರನ್ನು ಸೇರಿಸಿಕೊಳ್ಳಲಿಲ್ಲ.

ಆದರೆ ಇಡೀ ಅಧ್ಯಯನ ನಿಂತದ್ದು ಫಿಟ್ಸ್ ಡೈರಿಯ ಮೇಲೆ. ಮೊದಲ 8 ವಾರ ಹೊಸದೇನನ್ನೂ ಕೊಡದೆ ಬರೀ ಎಣಿಸುವುದಕ್ಕೆ ಮೀಸಲಿಟ್ಟೆವು. ಕೋಲಾರದ ಕಡೆಯಿಂದ ಬರುತ್ತಿದ್ದ ತಾಯಿಯೊಬ್ಬರು ಮಗ ನೆಲಕ್ಕೆ ಬಿದ್ದು ಕೈಕಾಲು ಸೆಟೆದುಕೊಂಡ ದಿನಗಳನ್ನಷ್ಟೇ ಗುರುತು ಹಾಕಿದ್ದರು. ‘ಊಟದ ಮಧ್ಯೆ ತುತ್ತು ಕೈಯಲ್ಲೇ ಹಿಡಿದು ಸುಮ್ಮನೆ ನೋಡ್ತಾ ಕೂತುಬಿಡ್ತಾನಾ?’ ಎಂದು ಕೇಳಿದಾಗ, ‘ಅದು ದಿನಾ ಇದ್ದದ್ದೇ, ಅದನ್ನೂ ಬರೀಬೇಕಾ?’ ಎಂದರು. ಅಂದಿನಿಂದ ಬೀಳುವುದಕ್ಕೆ ಕೆಂಪು ಗೆರೆ, ಮಂಕಾಗಿ ಕೂರುವುದಕ್ಕೆ ನೀಲಿ ಚುಕ್ಕೆ ಎಂದು ಎಲ್ಲರ ಡೈರಿಯಲ್ಲೂ ನಿಯಮ ಮಾಡಿದೆವು. ಎಣಿಕೆಗೆ ಇಷ್ಟು ಶ್ರಮ ಹಾಕದೆ ಯಾವ ಔಷಧಿಯ ಗುಣವನ್ನೂ ಹೇಳಬಾರದೆಂಬುದು ನನ್ನ ದೃಢ ನಂಬಿಕೆ.

ಫಿಟ್ಸ್ ಕೆಲವರಲ್ಲಿ ತಗ್ಗಿತಾದರೂ ತೂಕಡಿಕೆ ಮತ್ತು ಹೆಚ್ಚುವ ಮೈತೂಕದಿಂದ ಬೇಸತ್ತು ಬಿಟ್ಟುಹೋದವರೂ ಇದ್ದರು; ಆ ಅಲ್ಪ ಲಾಭಕ್ಕೆ ಈ ಬೆಲೆ ಹೆಚ್ಚೆಂದೇ ನನಗೆ ತೋರಿತು. ಮಾತ್ರೆ ನಿಲ್ಲಿಸಿದ ಮೇಲೂ ಔಷಧಿ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ, ಬಿಟ್ಟವರೂ ಡೈರಿಯನ್ನು ಮುಂದುವರಿಸುವಂತೆ ಕೇಳಿಕೊಂಡೆವು.