ಗ್ಯಾರೇಜಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್: ಡಯಾಗ್ನೋಸ್ಟಿಕ್ ಕೆಲಸಕ್ಕೆ ಸರಿಯಾದುದನ್ನು ಆರಿಸುವ ಬಗೆ

ವಾಹನಗಳ ದೋಷ ಪತ್ತೆಮಾಡುವ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್‌ಗಾಗಿ ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪ್ರೊಸೆಸರ್ ಐ5 ಸಾಕೇ, ಐ7 ಬೇಕೇ ಎಂಬುದನ್ನು. ಈ ಕೆಲಸದ ಮಟ್ಟಿಗೆ ಆ ಪ್ರಶ್ನೆಗೆ ಹೆಚ್ಚಿನ ತೂಕವಿಲ್ಲ. ಕಾರಿನ ಇಸಿಯು (ಎಂಜಿನ್ ಮುಂತಾದವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮತ್ತು ಲ್ಯಾಪ್‌ಟಾಪ್ ನಡುವೆ ಹರಿಯುವ ಮಾಹಿತಿ ಬಹಳ ಕಡಿಮೆ: ಕೆ-ಲೈನ್ ಎಂಬ ಒಂಟಿ ತಂತಿಯ ಸಂಪರ್ಕವಿರುವ ಹಳೆಯ ವಾಹನಗಳಲ್ಲಿ ಸೆಕೆಂಡಿಗೆ ಸುಮಾರು 10,400 ಬಿಟ್, ಈಗಿನ ಹೆಚ್ಚಿನ ಕಾರುಗಳೊಳಗಿನ ಕಂಪ್ಯೂಟರುಗಳನ್ನು ಬೆಸೆಯುವ ಕ್ಯಾನ್ ಜಾಲದಲ್ಲಿ ಸೆಕೆಂಡಿಗೆ 5 ಲಕ್ಷ ಬಿಟ್. 2012ರ ಪ್ರೊಸೆಸರಿಗೂ ಇದೊಂದು ಹೊರೆಯೇ ಅಲ್ಲ. ಇಲ್ಲಿ ಕೈಕೊಡುವುದು ವೇಗವಲ್ಲ. ಸವೆದ ಬ್ಯಾಟರಿ, ಸಡಿಲವಾದ ಯುಎಸ್‌ಬಿ ಪೋರ್ಟ್, ಹೊಂದಿಕೊಳ್ಳದ ಡ್ರೈವರ್ (ಕೇಬಲ್ಲನ್ನು ವಿಂಡೋಸ್ ಗುರುತಿಸುವಂತೆ ಮಾಡುವ ತಂತ್ರಾಂಶ). ಆದ್ದರಿಂದ ಹಣವನ್ನೂ ಗಮನವನ್ನೂ ಈ ಮೂರರ ಕಡೆಗೆ ತಿರುಗಿಸಬೇಕು.

ಅಂಗಡಿಗೆ ಹೋಗುವ ಮೊದಲು ತೀರ್ಮಾನವಾಗಬೇಕಾದದ್ದು ಯಾವ ವಾಹನ, ಯಾವ ಸಾಫ್ಟ್‌ವೇರ್, ಯಾವ ಇಂಟರ್‌ಫೇಸ್ (ಕಾರಿಗೂ ಲ್ಯಾಪ್‌ಟಾಪಿಗೂ ನಡುವೆ ಜೋಡಿಸುವ ಸಾಧನ) ಎಂಬುದು. ಲ್ಯಾಪ್‌ಟಾಪ್ ಇವುಗಳಿಗೆ ಹೊಂದಿಕೊಳ್ಳಬೇಕೇ ಹೊರತು ಇವು ಲ್ಯಾಪ್‌ಟಾಪಿಗಲ್ಲ. ಫೋರ್ಡ್ ಕಾರುಗಳನ್ನೇ ತೆಗೆದುಕೊಳ್ಳೋಣ. 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೂ ಇಕೋಸ್ಪೋರ್ಟ್, ಫಿಗೋಗಳು ನಮ್ಮ ರಸ್ತೆಗಳಲ್ಲಿ ಓಡುತ್ತಲೇ ಇವೆ. ಅವುಗಳ ಕೆಲಸಕ್ಕೆ ಫೋರ್‌ಸ್ಕ್ಯಾನ್ ಎಂಬ ವಿಂಡೋಸ್ ತಂತ್ರಾಂಶ ಬಹಳ ಉಪಯುಕ್ತ. ಆದರೆ ಫೋರ್ಡ್‌ನ ಹಲವು ಮಾಡ್ಯೂಲ್‌ಗಳು (ಬೇರೆ ಬೇರೆ ಭಾಗಗಳನ್ನು ನಿಯಂತ್ರಿಸುವ ಘಟಕಗಳು), ಕೇಬಲ್ ಚುಚ್ಚುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ಮುಖ್ಯ ಕ್ಯಾನ್‌ನಲ್ಲಿ ಇರದೆ, 3 ಮತ್ತು 11ನೇ ಪಿನ್ನುಗಳ ಮಧ್ಯಮ ವೇಗದ ಕ್ಯಾನ್‌ನಲ್ಲಿ ಇರುತ್ತವೆ. ಎರಡನ್ನೂ ಓದಬಲ್ಲ ಯುಎಸ್‌ಬಿ ಇಂಟರ್‌ಫೇಸ್ ಇಲ್ಲದಿದ್ದರೆ ಎಂಥ ಲ್ಯಾಪ್‌ಟಾಪ್ ತಂದರೂ ಅರ್ಧ ಕಾರು ಕಾಣಿಸುವುದೇ ಇಲ್ಲ. ಇನ್ನೊಂದು ಉದಾಹರಣೆ ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ: ಟೊಯೊಟಾದ ಡಯಾಗ್ನೋಸ್ಟಿಕ್ ತಂತ್ರಾಂಶ ಟೆಕ್‌ಸ್ಟ್ರೀಮ್ ಜೊತೆ ಬಳಸುವ ಅಗ್ಗದ ಮಿನಿ-ವಿಸಿಐ ಕೇಬಲ್ಲಿನ ಡ್ರೈವರ್ 32 ಬಿಟ್ ವಿಂಡೋಸ್‌ಗೆಂದು ಬರೆದದ್ದು. 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಸ್ಥಾಪನೆಯಾಗುವುದಿಲ್ಲವಾದ್ದರಿಂದ ಇಲ್ಲಿ ಸುತ್ತುದಾರಿ ಹಿಡಿಯಬೇಕಾಗುತ್ತದೆ. ಕೇವಲ ಚೆಕ್ ಎಂಜಿನ್ ದೀಪದ ಕೋಡ್ ಓದಿ ಅಳಿಸುವುದಷ್ಟೇ ಉದ್ದೇಶವಾಗಿದ್ದರೆ ಲ್ಯಾಪ್‌ಟಾಪಿನ ಅಗತ್ಯವೇ ಇಲ್ಲ. ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಸಾಕು. ಈ ಮಾತನ್ನು ಅಂಗಡಿಯವರು ಹೇಳುವುದಿಲ್ಲ, ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಆಪರೇಟಿಂಗ್ ಸಿಸ್ಟಮ್ ವಿಷಯದಲ್ಲಿ ವಾಸ್ತವವನ್ನು ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು. ವಿಂಡೋಸ್ 7ಕ್ಕೆ ಸಿಗುತ್ತಿದ್ದ ಉಚಿತ ಸುರಕ್ಷತಾ ಅಪ್‌ಡೇಟ್‌ಗಳು 2020ರ ಜನವರಿಯಲ್ಲೂ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದೂ ಮುಗಿದವು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರುಗಳಿಗೆ ಮಾತ್ರ. ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಳೆಯವು. ಇದರಿಂದ ಕಂಗೆಡಬೇಕಾಗಿಲ್ಲ, ಆದರೆ ಒಂದು ನಿಯಮ ಪಾಲಿಸಬೇಕು: ಈ ಯಂತ್ರ ಕಾರಿಗೆ ಮಾತ್ರ ಮೀಸಲು. ಬ್ಯಾಂಕ್ ವ್ಯವಹಾರ, ಇಮೇಲ್, ಮಕ್ಕಳ ಪಾಠ ಯಾವುದೂ ಇದರಲ್ಲಿ ಬೇಡ. ಲೈಸೆನ್ಸ್ ಪಡೆಯಲು ಅಥವಾ ಅಪ್‌ಡೇಟ್ ಇಳಿಸಿಕೊಳ್ಳಲು ಮಾತ್ರ ಇಂಟರ್ನೆಟ್ ಜೋಡಿಸಿ, ಆಮೇಲೆ ವೈಫೈ ಆರಿಸಿಬಿಡಿ. ಲೈಸೆನ್ಸಿನ ಬೀಗ ಮುರಿದ (ಕ್ರ್ಯಾಕ್ ಮಾಡಿದ) ತಂತ್ರಾಂಶವನ್ನು ಪುಕ್ಕಟೆಯಾಗಿ ತುಂಬಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತಾದರೆ, ಗಿರಾಕಿಯ ಕಾರಿನ ಇಸಿಯುವಿಗೆ ಬರೆಯುವ ಯಂತ್ರದೊಳಗೆ ಯಾರು ಏನನ್ನು ಸೇರಿಸಿದ್ದಾರೆಂದು ಗೊತ್ತಿಲ್ಲದೆ ಕೆಲಸ ಮಾಡುವುದು ಇನ್ನೂ ದೊಡ್ಡ ಅಪಾಯ.

ಈಗ ಬ್ಯಾಟರಿಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೋಡ್ ಓದುವಾಗ ಲ್ಯಾಪ್‌ಟಾಪ್ ಆರಿಹೋದರೆ ಯಾವ ನಷ್ಟವೂ ಇಲ್ಲ, ಮತ್ತೆ ಓದಿದರಾಯಿತು. ಇಸಿಯುವಿಗೆ ಹೊಸ ಸಾಫ್ಟ್‌ವೇರ್ ಬರೆಯುತ್ತಿರುವಾಗ ಆರಿದರೆ ಪರಿಸ್ಥಿತಿಯೇ ಬೇರೆ, ಏಕೆಂದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ನಡುವಿನ ಹಂತದಲ್ಲಿ ಇಸಿಯುವಿನೊಳಗೆ ಹಳೆಯದೂ ಪೂರ್ತಿಯಾಗಿ ಇರುವುದಿಲ್ಲ, ಹೊಸದೂ ಪೂರ್ತಿಯಾಗಿ ಇರುವುದಿಲ್ಲ. ನನ್ನ ಕೈಯಲ್ಲೇ ಒಮ್ಮೆ ಹೀಗಾಯಿತು. ಹೊಳೆಯುವ ಹೊರಮೈ ನೋಡಿ ತಂದ ಲ್ಯಾಪ್‌ಟಾಪ್, ಬ್ಯಾಟರಿ ಸತ್ತಿದ್ದರೂ ಚಾರ್ಜರ್ ಇದೆಯಲ್ಲ ಎಂಬ ಭರವಸೆ. ಬರೆಯುವ ಕೆಲಸ ಅರ್ಧ ದಾಟಿತ್ತು. ಹುಡುಗನೊಬ್ಬ ಕಾರಿನ ಕೆಳಗಿಂದ ಜ್ಯಾಕ್ ಎಳೆಯುವಾಗ ವೈರು ತೊಡರಿ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಪ್ಲಗ್ ಕಳಚಿತು. ತೆರೆ ಕಪ್ಪಾಯಿತು. ಆ ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ. ಇಸಿಯು ಬಿಚ್ಚಿ, ಬೆಂಚಿನ ಮೇಲೆ ಸರಿಪಡಿಸುವವರ ಬಳಿಗೆ ಕಳುಹಿಸಿ, ವಾಪಸು ಬರುವವರೆಗೆ ಆ ಕುಟುಂಬ ಕಾರಿಲ್ಲದೆ ಓಡಾಡಿತು. ಅಂದಿನಿಂದ ಬ್ಯಾಟರಿಯ ವರದಿ ನೋಡದೆ ನಾನು ಯಾವ ಯಂತ್ರಕ್ಕೂ ಹಣ ಕೊಟ್ಟಿಲ್ಲ.

ವರದಿ ನೋಡುವುದು ಕಷ್ಟವಲ್ಲ. ವಿಂಡೋಸ್ 8 ಅಥವಾ ಅದರ ನಂತರದ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್' ಎಂದು ಟೈಪ್ ಮಾಡಿದರೆ ಒಂದು ಪುಟ ಸಿದ್ಧವಾಗುತ್ತದೆ. ಅದರಲ್ಲಿ ಬ್ಯಾಟರಿ ಹೊಸತಾಗಿದ್ದಾಗಿನ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗ ಹಿಡಿಯುವ ಸಾಮರ್ಥ್ಯ ಎರಡೂ ಇರುತ್ತವೆ. ಮೊದಲನೆಯದು 56,000, ಎರಡನೆಯದು 40,000 ಎಂದಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಎರಡನೆಯದು 20,000ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಲ್ಯಾಪ್‌ಟಾಪಿನ ಬೆಲೆಗೇ ಸೇರಿಸಿ ಚೌಕಾಸಿ ಮಾಡಬೇಕು. ಸಂಖ್ಯೆಯೊಂದನ್ನೇ ನಂಬದೆ, ಚಾರ್ಜರ್ ಕಿತ್ತು, ತೆರೆಯ ಬೆಳಕನ್ನು ಪೂರ್ತಿ ಏರಿಸಿ, 20 ನಿಮಿಷ ಹಾಗೆಯೇ ಓಡಲು ಬಿಡಿ. ಹಳೆಯ ಬ್ಯಾಟರಿಗಳು 60 ಪ್ರತಿಶತ ತೋರಿಸುತ್ತಿದ್ದಂತೆಯೇ ಒಮ್ಮೆಲೇ ಕೈಬಿಡುವುದುಂಟು, ಮತ್ತು ಅದು ಕಾಣುವುದು ಹೀಗೆ ಕಾದಾಗ ಮಾತ್ರ.

ಮಾದರಿಗಳ ಮಾತಿಗೆ ಬಂದರೆ, ಮನೆ ಬಳಕೆಗೆಂದು ಮಾಡಿದ ತೆಳ್ಳನೆಯ ಯಂತ್ರಗಳನ್ನು ಬದಿಗಿಟ್ಟು, ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಮಾದರಿಗಳನ್ನೇ ಹುಡುಕಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲೆನೊವೊ ಥಿಂಕ್‌ಪ್ಯಾಡ್ ಟಿ430 ಇದಕ್ಕೆ ಒಳ್ಳೆಯ ಉದಾಹರಣೆ: ಹಿಂಬದಿಯಿಂದ ಕಳಚಿ ಹಾಕಬಹುದಾದ ಬ್ಯಾಟರಿ, ಎರಡು ಯುಎಸ್‌ಬಿ 2.0 ಮತ್ತು ಎರಡು ಯುಎಸ್‌ಬಿ 3.0 ಪೋರ್ಟುಗಳು, ಸ್ಕ್ರೂ ಬಿಚ್ಚಿ ಕ್ಷಣದಲ್ಲಿ ಬದಲಿಸಬಹುದಾದ ಡಿಸ್ಕ್. ಯುಎಸ್‌ಬಿ 2.0 ಇರುವುದನ್ನು ಹಳತೆಂದು ತಳ್ಳಿಹಾಕಬೇಡಿ; ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ಕ್ಕೆ ಅಂತರ್ಗತ ಬೆಂಬಲವಿಲ್ಲ, ಹಳೆಯ ಇಂಟರ್‌ಫೇಸ್‌ಗಳಲ್ಲಿ ಕೆಲವು ಆ ಹಳೆಯ ಪೋರ್ಟಿನಲ್ಲೇ ನೆಮ್ಮದಿಯಾಗಿ ಕೆಲಸ ಮಾಡುತ್ತವೆ. ಟಿ450ರಲ್ಲಿ ಒಳಗೊಂದು, ಹೊರಗೊಂದು ಎಂದು ಎರಡು ಬ್ಯಾಟರಿಗಳಿರುವುದರಿಂದ ಯಂತ್ರವನ್ನು ಆಫ್ ಮಾಡದೆಯೇ ಹೊರಗಿನದನ್ನು ಬದಲಿಸಬಹುದು. ಡೆಲ್ ಲ್ಯಾಟಿಟ್ಯೂಡ್ ಇ6430 ಕೂಡ ಇದೇ ಜಾತಿಯದು. ಹಳೆಯ 9 ಪಿನ್ನಿನ ಸೀರಿಯಲ್ ಪೋರ್ಟ್ ಬೇಡುವ ಸಾಧನ ನಿಮ್ಮಲ್ಲಿದ್ದರೆ ಮಾತ್ರ ಪ್ಯಾನಾಸಾನಿಕ್ ಟಫ್‌ಬುಕ್ ಸಿಎಫ್-19 ಅಥವಾ ಡೆಲ್ ಡಿ630 ಕಡೆ ನೋಡಿ. ಟಫ್‌ಬುಕ್ ಗಟ್ಟಿಮುಟ್ಟಾದದ್ದು ನಿಜ, ಆದರೆ ಅದರ ತೆರೆ ಸುಮಾರು 10 ಇಂಚು, ಹತ್ತಾರು ಲೈವ್ ಡೇಟಾ ಸಾಲುಗಳನ್ನು ಅದರಲ್ಲಿ ಓದುವುದು ಕಣ್ಣಿಗೆ ಶ್ರಮ. ಮೆಮೊರಿ 8 ಜಿಬಿ ಇದ್ದರೆ ಸಾಕು.

ಬೆಂಗಳೂರಿನವರಿಗೆ ಒಂದು ಅನುಕೂಲವಿದೆ: ವಾಹನ ಬಿಡಿಭಾಗಗಳ ಜೆ.ಸಿ. ರಸ್ತೆಗೂ ಕಂಪ್ಯೂಟರುಗಳ ಎಸ್.ಪಿ. ರಸ್ತೆಗೂ ನಡೆದೇ ಹೋಗಬಹುದು. ಎಲ್ಲಿ ಕೊಂಡರೂ ಪರೀಕ್ಷೆಯ ಕ್ರಮ ಒಂದೇ. ನಿಮ್ಮ ಇಂಟರ್‌ಫೇಸ್ ಕೇಬಲ್ಲನ್ನು ಕೈಯಲ್ಲೇ ಒಯ್ಯಿರಿ. ಪ್ರತಿಯೊಂದು ಯುಎಸ್‌ಬಿ ಪೋರ್ಟಿಗೂ ಅದನ್ನು ಚುಚ್ಚಿ, ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು, ಪ್ಲಗ್ಗನ್ನು ಬೆರಳಿನಿಂದ ಮೇಲೆ ಕೆಳಗೆ ಮೆಲ್ಲಗೆ ಒತ್ತಿ. ಪಟ್ಟಿಯಲ್ಲಿ ಹೆಸರು ಮಾಯವಾಗಿ ಮತ್ತೆ ಕಾಣಿಸಿಕೊಂಡರೆ ಆ ಪೋರ್ಟ್ ಸಡಿಲವಾಗಿದೆ ಎಂದೇ ಅರ್ಥ. ಗ್ಯಾರೇಜಿನಲ್ಲಿ ಸೀಟಿನ ಮೇಲಿಂದ ಲ್ಯಾಪ್‌ಟಾಪ್ ಒಂದಿಷ್ಟು ಜರುಗಿದಾಗ ಸಂಪರ್ಕ ತಪ್ಪುವುದು ಇಲ್ಲಿಯೇ. ಚಾರ್ಜರ್ ಪಿನ್ನನ್ನೂ ಹೀಗೆಯೇ ಅಲುಗಾಡಿಸಿ ನೋಡಿ. ತೆರೆಯನ್ನು ಅಂಗಡಿಯ ಒಳಗೆ ನೋಡಿದರೆ ಸಾಲದು, ಬೀದಿಯ ಬಿಸಿಲಿಗೆ ತಂದು ಓದಲಾಗುತ್ತದೆಯೇ ಪರೀಕ್ಷಿಸಿ.

ಆಮೇಲೆ ಯಂತ್ರವನ್ನು ಮರುಚಾಲನೆ ಮಾಡಿಸಿ ಬಯಾಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಯಂತ್ರದ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ, ಅಂಗಡಿಯವರು ಎಷ್ಟೇ ಸಮಾಧಾನ ಹೇಳಿದರೂ, ಆ ಯಂತ್ರವನ್ನು ಅಲ್ಲೇ ಬಿಟ್ಟುಬನ್ನಿ. ಥಿಂಕ್‌ಪ್ಯಾಡ್‌ಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಬೇರೆಯೇ ಚಿಪ್ಪಿನಲ್ಲಿ ಉಳಿಯುವುದರಿಂದ ಮದರ್‌ಬೋರ್ಡಿನ ಸಣ್ಣ ಸೆಲ್ ತೆಗೆದರೆ ಅಳಿಸಿಹೋಗುವುದಿಲ್ಲ. ಬಯಾಸ್‌ನಲ್ಲಿ ಕಾಣುವ ಸೀರಿಯಲ್ ನಂಬರ್, ಯಂತ್ರದ ತಳದ ಚೀಟಿಯಲ್ಲಿರುವುದು, ಬಿಲ್ಲಿನಲ್ಲಿ ಬರೆಯುವುದು ಮೂರೂ ಒಂದೇ ಆಗಿರಬೇಕು. ಕಳವಿನ ಮಾಲು ಕೈಸೇರದಂತೆ ನಿಮ್ಮನ್ನು ಕಾಯುವುದು ಆ ಸಂಖ್ಯೆಯಿರುವ ಬಿಲ್ಲು.

ಯಂತ್ರ ಮನೆಗೆ ಬಂದ ಮೇಲೆ, ಅದರಲ್ಲಿ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು, ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಹಾಕಿ. ಓಡುತ್ತಿರುವ ಕಾರಿನೊಳಗಿನ ಕುಲುಕಾಟಕ್ಕೆ ತಿರುಗುವ ಡಿಸ್ಕ್ ಹೇಳಿಸಿದ್ದಲ್ಲ. ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ, ಸ್ಲೀಪ್ ಮತ್ತು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ವಿದ್ಯುತ್ ಉಳಿಸಲು ಪೋರ್ಟನ್ನು ತಾನಾಗಿ ಮಲಗಿಸುವ ವ್ಯವಸ್ಥೆ) ಎರಡನ್ನೂ ಆಫ್ ಮಾಡಿಡಿ. ಎಫ್‌ಟಿಡಿಐ ಕಂಪನಿಯ ಚಿಪ್ಪಿರುವ ಕೆ-ಲೈನ್ ಕೇಬಲ್ ಬಳಸುವವರು ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕೇಬಲ್ಲಿನ ಕಾಂ ಪೋರ್ಟಿನ ಲೇಟೆನ್ಸಿ ಟೈಮರನ್ನು (ಬಂದ ಮಾಹಿತಿಯನ್ನು ಮುಂದೆ ಕಳುಹಿಸುವ ಮುನ್ನ ಚಿಪ್ಪು ಕಾಯುವ ಅವಧಿ) ಮೂಲದ 16 ಮಿಲಿಸೆಕೆಂಡಿನಿಂದ 1ಕ್ಕೆ ಇಳಿಸಿದರೆ, ಕೇಬಲ್ಲೇ ಕೆಟ್ಟಿದೆ ಎಂದು ತೋರುತ್ತಿದ್ದ ಹಲವು ಸಂಪರ್ಕದೋಷಗಳು ಮಾಯವಾಗುತ್ತವೆ. ಎಲ್ಲವೂ ಸರಿಯಾಗಿ ಓಡತೊಡಗಿದ ದಿನವೇ ಇಡೀ ಡಿಸ್ಕಿನ ಯಥಾವತ್ ನಕಲೊಂದನ್ನು (ಇಮೇಜ್) ಹೊರಗಿನ ಡ್ರೈವಿಗೆ ತೆಗೆದಿಡಿ. ಮೊದಲ ಕೆಲಸವನ್ನು ನಿಮ್ಮ ಸ್ವಂತ ಕಾರಿನಲ್ಲೇ, ಓದುವುದಕ್ಕೆ ಮಾತ್ರ ಸೀಮಿತವಾಗಿ ಮಾಡಿ. ಇಸಿಯುವಿಗೆ ಬರೆಯುವ ದಿನ ಬಂದಾಗ ಲ್ಯಾಪ್‌ಟಾಪಿನ ಚಾರ್ಜರ್ ಜೊತೆಗೆ ಕಾರಿನ ಬ್ಯಾಟರಿಗೂ ಸ್ಥಿರ ವೋಲ್ಟೇಜಿನ ಸಪ್ಲೈ ಜೋಡಿಸಿ, ಆ ವೈರು ಯಾರ ಕಾಲಿಗೂ ತೊಡರದಂತೆ ಗೋಡೆಯ ಪಕ್ಕಕ್ಕೆ ಸರಿಸಿಟ್ಟು, ಆನಂತರ ಗುಂಡಿ ಒತ್ತಿ.